ಒಂದು ಬಾಂಬರ್‌ಗೆ ಹನ್ನೊಂದು ಟ್ಯಾಂಕರ್ ಯಾಕ್ರಿ? ಲೆಕ್ಕ ತಿಳಿದೋರು ಹೇಳಿ

ಸಂಡೂರ್_ಬೌಸರ್ (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ನಾನು ಸಂಡೂರು ಕಡೆಯೋನು. ಹದಿನಾಲ್ಕು ವರ್ಷ ಅದಿರು ಗಣಿಯಲ್ಲಿ ಡೀಸೆಲ್ ಬೌಸರ್ ಓಡಿಸೀನಿ. ಗೊತ್ತಿಲ್ಲದೋರಿಗೆ ಹೇಳ್ತೀನಿ: ಗುಡ್ಡದ ಮ್ಯಾಲೆ ಕೆಲಸ ಮಾಡೋ ಪೊಕ್ಲೇನ್, ಡ್ರಿಲ್ ಮಷೀನು ಇವೆಲ್ಲ ಬಂಕಿಗೆ ಇಳಿದು ಬರಾಕಾಗಲ್ಲ. ಬಂಕೇ ಅವುಗಳ ಹತ್ರ ಹೋಗ್ಬೇಕು. ಆ ನಡೆದಾಡೋ ಬಂಕೇ ಬೌಸರು.

ಮೊನ್ನೆ ನಮ್ಮಕ್ಕನ ಮಗ ಫೋನಲ್ಲಿ ಒಂದು ವಿಡಿಯೊ ತೋರಿಸಿದ. 1982ರ ಫಾಕ್‌ಲ್ಯಾಂಡ್ ಯುದ್ಧದ್ದು. ಅರ್ಜೆಂಟೀನಾದೋರು ದ್ವೀಪ ಹಿಡ್ಕೊಂಡ್ರು, ಬ್ರಿಟನ್‌ನೋರು ಅದರ ರನ್‌ವೇ ಮ್ಯಾಲೆ ಬಾಂಬ್ ಹಾಕ್ಬೇಕು. ಹತ್ತಿರದಾಗೆ ಅವರದ್ದು ಅಂತ ಇದ್ದಿದ್ದು ಅಟ್ಲಾಂಟಿಕ್ ಸಮುದ್ರದ ನಡುವೆ ಅಸೆನ್ಷನ್ ಅನ್ನೋ ಒಂದು ಸಣ್ಣ ದ್ವೀಪ. ಅಲ್ಲಿಂದ ವಲ್ಕನ್ ಅನ್ನೋ ದೊಡ್ಡ ಬಾಂಬರ್ ಹಾರಿಸಿದ್ರು. ಇಲ್ಲಿತನಕ ಸರಿ. ಆಮ್ಯಾಕೆ ಹೇಳ್ತಾನೆ, ಆ ಒಂದು ಬಾಂಬರ್‌ಗೆ ದಾರಿಯಲ್ಲಿ ಎಣ್ಣೆ ಹಾಕಾಕೆ ಹನ್ನೊಂದು ಟ್ಯಾಂಕರ್ ವಿಮಾನ ಹೋದವಂತೆ!

ನನಗೆ ಇದು ತಲೆಗೆ ಹತ್ತವಲ್ದು. ನನ್ನ ಬೌಸರ್ 6,000 ಲೀಟರ್ದು. ಬೆಳಿಗ್ಗೆ ತುಂಬಿಸ್ಕೊಂಡು ಗುಡ್ಡ ಹತ್ತಿ, ಹನ್ನೆರಡು ಮಷೀನಿಗೆ ಹಾಕಿ ಕೆಳಗಿಳಿದ್ರೆ ನನ್ನ ಗಾಡಿ ಕುಡಿಯೋದು 25 ಲೀಟರ್ ಒಳಗೆ. ನೂರು ಲೀಟರಿಗೆ ಅರ್ಧ ಲೀಟರ್ ಸೈತ ಖರ್ಚಿಲ್ಲ. ಒಂದು ಬೌಸರ್ ಹನ್ನೆರಡು ಮಷೀನ್ ಸಾಕ್ತೈತೆ. ಅಲ್ಲಿ ಹನ್ನೊಂದು ಬೌಸರ್ ಸೇರಿ ಒಂದು ಮಷೀನ್ ಸಾಕ್ಯಾವೆ. ಎಣ್ಣೆ ಎಲ್ಲಿ ಹೋತು? ನಮ್ಮ ಗಣಿಯಲ್ಲಾಗಿದ್ರೆ ಸೂಪರ್‌ವೈಸರ್ ಮೊದಲು ನನ್ನ ಮನೆ ಹಿಂದಿನ ಬ್ಯಾರಲ್ ನೋಡಾಕೆ ಬರ್ತಿದ್ದ.

ವಿಡಿಯೊದಾಗೆ ಬರೀ ಮ್ಯೂಸಿಕ್ಕು, ಬೆಂಕಿ. ಲೆಕ್ಕ ಹೇಳಲಿಲ್ಲ. ಯಾರಾದ್ರೂ ಬಿಡಿಸಿ ಹೇಳ್ರಪ್ಪ.

---

ಕೋಟೆ_ರಾಯಚೂರು

ಲೆಕ್ಕ ಸಿಂಪಲ್ ಅಣ್ಣ. ದುಡ್ಡಿದ್ದೋರ ಪ್ರತಿಷ್ಠೆ. 21 ಬಾಂಬ್ ಹಾಕಿದ್ರು, ರನ್‌ವೇಗೆ ಬಿದ್ದಿದ್ದು ಒಂದು. ನೂರಕ್ಕೆ ಐದು ಮಾರ್ಕ್ಸ್. ನಮ್ಮ ಪಿಯುಸಿ ಹುಡುಗ್ರು ಇದಕ್ಕಿಂತ ಮೇಲು. ಅರ್ಜೆಂಟೀನಾದ ಹರ್ಕ್ಯುಲಿಸ್ ವಿಮಾನಗಳು ಆಮೇಲೂ ಅದೇ ರನ್‌ವೇ ಮೇಲೆ ರಾತ್ರೋರಾತ್ರಿ ಇಳೀತಿದ್ವು, ಯುದ್ಧ ಮುಗಿಯೋವರೆಗೂ. ಎಣ್ಣೆ ಹೋಗಿದ್ದು ಎಲ್ಲಿ ಅಂದ್ರೆ ಸಮುದ್ರಕ್ಕೆ.

---

ಗಂಗಾವತಿ_ಫಿಟ್ಟರ್

ಸಂಡೂರಿನ ಅಣ್ಣಾರ, ನಿಮ್ಮ ಪ್ರಶ್ನೆ ಬಾಳ ಚಲೋ ಐತ್ರಿ. ನಾನು ವಾಯುಸೇನೆಯಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ. ಕೊನೆಯ ಆರು ವರ್ಷ ಆಗ್ರಾದಲ್ಲಿ, ಇಲ್ಯುಶಿನ್-78 ಟ್ಯಾಂಕರ್ ಮೇಲೆ. ಈಗ ಎಡದಂಡೆ ಕಾಲುವೆ ನೀರಿನಾಗ ಐದು ಎಕರೆ ಭತ್ತ. ಹೊಲಕ್ಕೆ ನೀರು ಬಿಡೋ ಸರದಿ ರಾತ್ರಿ ಬಂದೈತಿ, ಕುಂತು ಬರೀತೀನಿ, ಉದ್ದ ಆದ್ರೆ ಬೈಬ್ಯಾಡ್ರಿ.

ಮೊದಲು ದೂರ ತಿಳ್ಕೊಳ್ರಿ. ಅಸೆನ್ಷನ್‌ದಿಂದ ಫಾಕ್‌ಲ್ಯಾಂಡ್‌ನ ಪೋರ್ಟ್ ಸ್ಟ್ಯಾನ್ಲಿಗೆ 6,200 ಕಿ.ಮೀ.ಗೂ ಮೇಲೆ. ಬಳ್ಳಾರಿಯಿಂದ ದಿಲ್ಲಿಗೆ ಆಕಾಶದಾಗ ನೆಟ್ಟಗೆ ಹೋದ್ರೆ ಸುಮಾರು 1,500. ಅಂದ್ರ ದಿಲ್ಲಿಗೆ ಹೋಗಿ ಬಂದು, ಮತ್ತೊಮ್ಮೆ ಹೋಗಿ ಬಂದಷ್ಟು. ಅದು ಬರೀ ಹೋಗೋದು. ವಾಪಸ್ಸೂ ಅಷ್ಟೇ. ನಡುವೆ ಇಳಿಯಾಕ ಒಂದು ಬಂಡೆ ಸೈತ ಇಲ್ಲ. ವಲ್ಕನ್ ಒಂದು ಸಲ ಟ್ಯಾಂಕ್ ತುಂಬಿಸಿದ್ರ ಹಾರೋದು 4,000 ಕಿ.ಮೀ. ಆಸುಪಾಸು. ಹೋಗಿ ಬರಾಕ ಮೂರು ಟ್ಯಾಂಕ್ ಬೇಕಾತು.

ಈಗ ನಿಮ್ಮ ಬೌಸರ್‌ಗೂ ಆ ಟ್ಯಾಂಕರ್‌ಗೂ ಏನು ಫರಕು? ನಿಮ್ಮ ಗಾಡಿಗೆ ಗುಡ್ಡ ದೂರ ಅಲ್ಲ. ಹೊರೋದು ಬಾಳ, ಕುಡಿಯೋದು ಚೂರು. ವಿಮಾನದ ಟ್ಯಾಂಕರ್ ಅಂದ್ರ ತಾನೇ ರಾಕ್ಷಸ ಕುಡುಕ. ವಿಕ್ಟರ್ ಅನ್ನೋ ಆ ಟ್ಯಾಂಕರ್ ಕೂಡ ಮೊದಲು ಬಾಂಬರ್ರೇ, ಆಮೇಲೆ ಟ್ಯಾಂಕರ್ ಮಾಡಿದ್ದು. 50 ಟನ್ನಿಗೂ ಹೆಚ್ಚು ಎಣ್ಣೆ ಹೊರ್ತಿತ್ತು, ಆದ್ರ ಅದೇ ಎಣ್ಣೆಯಿಂದ ಅದರ ನಾಲ್ಕು ಎಂಜಿನ್ನೂ ನಡೀಬೇಕು.

ಒಂದು ಲೆಕ್ಕ ಹೇಳ್ತೀನಿ, ಅಂಗಳದಾಗ ಆಡಿ ನೋಡ್ರಿ.

ಮೇ ತಿಂಗಳು. ಎರೆ ಹೊಲದ ದಾರಿ. ಬಾವಿ ಇರೋದು ಊರಾಗ ಮಾತ್ರ. ಒಬ್ಬ ಆಳು ಆರು ಚೊಂಬು ನೀರು ಹೊರ್ತಾನ. ಹರದಾರಿಗೆ ಒಂದು ಚೊಂಬು ಕುಡೀತಾನ. ದಾರಿಯಲ್ಲಿ ಚೊಂಬು ಇಟ್ಟು ಹೋಗಂಗಿಲ್ಲ. ಆಕಾಶದಾಗ ಕ್ಯಾನ್ ಇಟ್ಟು ಬರಾಕ ಆಗ್ತೈತೇನ್ರಿ? ಹಂಗೇ ಇದು. ಒಬ್ಬನೇ ಹೋದ್ರ ಮೂರು ಹರದಾರಿ ಹೋಗಿ ಮೂರು ಹರದಾರಿ ವಾಪಸ್ ಬರ್ತಾನ. ಮುಗೀತು.

ಜೋಡಿಗೆ ಒಬ್ಬ ಸಹಾಯಕ ಬಂದ ಅನ್ನಿ. ಇಬ್ಬರೂ ಎರಡು ಹರದಾರಿ ನಡೆದ್ರು, ತಲಾ ಎರಡು ಚೊಂಬು ಖಾಲಿ. ಸಹಾಯಕ ತನ್ನ ನಾಲ್ಕರಲ್ಲಿ ಎರಡು ಕೊಟ್ಟ, ಎರಡು ಇಟ್ಕೊಂಡು ಊರಿಗೆ ತಿರುಗಿದ. ಮುಖ್ಯ ಆಳಿನ ಹತ್ರ ಮತ್ತೆ ಆರಾತು. ಅವ ನಾಲ್ಕನೇ ಹರದಾರಿ ಮುಟ್ಟಿ ಊರಿಗೆ ಬರಬಹುದು. ನೋಡ್ರಿ, ನೀರು ಡಬಲ್ ಹೊತ್ರು, ದೂರ ಹೆಚ್ಚಾಗಿದ್ದು ಒಂದೇ ಹರದಾರಿ!

ಆರನೇ ಹರದಾರಿ ಮುಟ್ಟಿ ಬರಬೇಕಂದ್ರ? ಅಂದ್ರ ಒಬ್ಬನೇ ಹೋಗೋದರ ಎರಡು ಪಟ್ಟು. ಐದು ಜನ ಸಹಾಯಕರು ಬೇಕು. ಒಬ್ಬ ಹೋಗುವಾಗ ಎರಡನೇ ಹರದಾರಿಯಲ್ಲಿ ಎರಡು ಚೊಂಬು ಕೊಡ್ತಾನ. ಮುಖ್ಯ ಆಳು ಅಲ್ಲಿಂದ ಆರು ಚೊಂಬಿನ ಮೇಲೆ ಆರನೇ ಹರದಾರಿ ಮುಟ್ಟಿ, ನಾಲ್ಕಕ್ಕೆ ವಾಪಸ್ ಬರೋವತ್ತಿಗೆ ಬಾಯಿ ಒಣಗಿ ನಿಲ್ತಾನ. ಅಲ್ಲಿಗೆ ಎರಡನೇ ಸಹಾಯಕ ಎದುರು ಬಂದು ಎರಡು ಚೊಂಬು ಕೊಡಬೇಕು. ಆದ್ರ ಆ ಎರಡನೆಯವ ನಾಲ್ಕನೇ ಹರದಾರಿ ತನಕ ಬಂದು ಎರಡು ಕೊಟ್ಟು ಊರು ಸೇರಬೇಕಂದ್ರ ಅವನಿಗೇ ಸಹಾಯಕರು ಬೇಕಲ್ಲ! ಹೋಗುವಾಗ ಎರಡರ ಹತ್ರ ಅವನಿಗೆ ತುಂಬಿಸಾಕ ಮೂರನೆಯವ, ಬರುವಾಗ ಎರಡರ ಹತ್ರ ಅವನನ್ನ ಎದುರುಗೊಳ್ಳಾಕ ನಾಲ್ಕನೆಯವ, ಮುಖ್ಯ ಆಳನ್ನ ಅಲ್ಲೇ ಎದುರುಗೊಳ್ಳಾಕ ಐದನೆಯವ.

ಒಟ್ಟು ಆರು ಜನ, 36 ಚೊಂಬು. ಮುಖ್ಯ ಆಳು ಕುಡಿದದ್ದು 12. ಉಳಿದ 24 ನೀರು ಕೊಡಾಕ ಬಂದೋರೇ ಕುಡಿದ್ರು.

ನಿಮ್ಮ ಎಣ್ಣೆ ಅಲ್ಲಿ ಹೋಗೈತಿ ಅಣ್ಣಾರ. ಕಳ್ಳತನ ಅಲ್ಲ, ಸಮುದ್ರಕ್ಕೂ ಸುರಿಲಿಲ್ಲ. ಟ್ಯಾಂಕರ್ರು ಟ್ಯಾಂಕರ್‌ಗೆ ಕುಡಿಸಿ, ಅದು ಇನ್ನೊಂದಕ್ಕೆ ಕುಡಿಸಿ, ಕೊನೆಗೆ ಒಂದು ಉಳಿದು ಬಾಂಬರ್‌ಗೆ ಕುಡಿಸೋದು. ನಮ್ಮ ಲೆಕ್ಕದಾಗ ಬೇಕಾಗಿದ್ದು ಎರಡು ಪಟ್ಟು, ವಲ್ಕನ್‌ಗೆ ಮೂರು ಪಟ್ಟು. ಮ್ಯಾಲೆ ನಮ್ಮ ಆಳುಗಳಿಗೆ ಕಾಲು ಉಳುಕಲಿಲ್ಲ, ಚೊಂಬು ಒಡೀಲಿಲ್ಲ. ಅಲ್ಲಿ ಎಲ್ಲಾ ಆತು.

ಇನ್ನೊಂದು ಸೂಕ್ಷ್ಮ. ವಲ್ಕನ್‌ದು, ವಿಕ್ಟರ್‌ದು ರೆಕ್ಕೆ ಬ್ಯಾರೆ, ಎಂಜಿನ್ ಬ್ಯಾರೆ. ಕಡಿಮೆ ಕುಡಿದು ಹಾರೋ ಎತ್ತರ, ವೇಗ ಒಂದೊಂದಕ್ಕೂ ಬ್ಯಾರೆ. ಆದ್ರ ಜೋಡಿಗೆ ಹೋಗ್ಬೇಕಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಡುವಿನ ಒಂದು ಎತ್ತರ ಹಿಡಿದು ಹಾರಿದ್ರು. ವಲ್ಕನ್ ತನ್ನ ಮಾಮೂಲಿಗಿಂತ ಭಾರ ಬೇರೆ ಹೊತ್ತಿತ್ತು. ಕಾಗದದ ಮೇಲೆ ಬರೆದಿದ್ದಕ್ಕಿಂತ ಜಾಸ್ತಿ ಕುಡೀತು. ಆ ಕೊರತೆ ದಾರಿಯುದ್ದಕ್ಕೂ ಎಲ್ಲರ ತಲೆ ಮೇಲೆ ಬಂತು.

ನಿಮಗೆ ಖುಷಿ ಆಗೋ ವಿಷಯ ಒಂದೈತಿ. ಆ ಅಸೆನ್ಷನ್ ದ್ವೀಪದಾಗ ಬಂದರು ಇಲ್ಲ. ಎಣ್ಣೆ ಹಡಗು ದಡದಿಂದ ದೂರ ನಿಂತು, ನೀರಿನ ಮ್ಯಾಲೆ ತೇಲೋ ಪೈಪಿನಾಗ ದಡದ ಟ್ಯಾಂಕಿಗೆ ಪಂಪ್ ಮಾಡ್ತಿತ್ತು. ಆ ಟ್ಯಾಂಕಿರೋ ಜಾರ್ಜ್‌ಟೌನ್‌ದಿಂದ ವೈಡ್‌ಅವೇಕ್ ಅನ್ನೋ ವಿಮಾನನೆಲೆಗೆ ಕೆಲವು ಕಿ.ಮೀ. ಗುಡ್ಡದ ದಾರಿ. ಸೇನೆಯ ಎಂಜಿನಿಯರುಗಳು ಪೈಪ್‌ಲೈನ್ ಎಳೆಯೋ ತನಕ ಆ ದಾರಿ ಮೇಲೆ ಎಣ್ಣೆ ಸಾಗಿಸಿದ್ದು ಯಾರು? ನಿಮ್ಮಂಥ ಬೌಸರ್ ಡ್ರೈವರ್ರು. ಪೈಲಟ್‌ಗಳಿಗೆ ಪದಕ ಬಂತು, ಅವರ ಫೋಟೊ ಯಾರೂ ತೆಗೀಲಿಲ್ಲ.

---

ಸಂಡೂರ್_ಬೌಸರ್

ಫಿಟ್ಟರ್ ಸಾರ್, ಕೈ ಮುಗೀತೀನಿ. ಚೊಂಬಿನ ಲೆಕ್ಕ ಎರಡು ಸಲ ಓದಿದೆ, ಮೂರನೇ ಸಲಕ್ಕೆ ಹತ್ತಿತು. ಬೌಸರ್ ಡ್ರೈವರ್ ವಿಷಯ ನನ್ನ ಹೆಂಡ್ತಿಗೂ ಓದಿ ಹೇಳಿದೆ.

ಇನ್ನೊಂದು ಕೇಳ್ತೀನಿ. ಓಡೋ ವಿಮಾನದಿಂದ ಓಡೋ ವಿಮಾನಕ್ಕೆ ಪೈಪ್ ಹೆಂಗೆ ಸಿಗಿಸ್ತಾರೆ? ನನಗೆ ನಿಂತ ಮಷೀನಿಗೆ ಹಾಕುವಾಗಲೇ ಒಂದ್ಸಲ ಆಗಬಾರದ್ದು ಆಗಿತ್ತು. ರಾತ್ರಿ ಪಾಳಿ. ಡಂಪರಿಗೆ ನಾಝಲ್ ಇಟ್ಟು ಮೀಟರ್ ನೋಡಾಕೆ ಈ ಕಡೆ ಬಂದಿದ್ದೆ. ತುಂಬೈತೆ ಅಂದ್ಕೊಂಡು ಡ್ರೈವರ್ ಎತ್ಬಿಟ್ಟ. ಹೋಸ್ ಎಳ್ಕೊಂಡು, ಬಿಗಿಯಾಗಿ, ಪಟ್ ಅಂತ ಕಪ್ಲಿಂಗ್ ಹತ್ರ ಹರೀತು. ತುದಿ ಹಾವಿನ ಥರ ಒದ್ದಾಡಿ ನನ್ನ ಮೊಣಕಾಲಿಗೆ ಹೊಡೀತು. ಮೈಯೆಲ್ಲ ಡೀಸೆಲ್. ಕೆಂಪು ಧೂಳು ಬೇರೆ. ಅರ್ಧ ತಾಸಿಗೆ ಮೈಮೇಲೆ ಇಟ್ಟಿಗೆ ಗಾರೆ ಮೆತ್ತಿದಂಗೆ ಆಗಿತ್ತು. ಹೋಸಿನ ದುಡ್ಡು ನನ್ನ ಪಗಾರದಾಗೆ ಮೂರು ತಿಂಗಳು ಮುರ್ಕೊಂಡ್ರು. ಡಂಪರಿನೋನಿಗೆ ಏನೂ ಇಲ್ಲ. ಹೋಗ್ಲಿ ಬಿಡ್ರಿ.

ಗಂಟೆಗೆ ನೂರಾರು ಕಿ.ಮೀ. ಓಡುವಾಗ ಹಂಗಾದ್ರೆ?

---

ಗಂಗಾವತಿ_ಫಿಟ್ಟರ್

ಆತಲ್ರಿ, ಅದೇ ಆತು! ಅದೇ ರಾತ್ರಿ.

ಮೊದಲು ಪದ್ಧತಿ ಹೇಳ್ತೀನಿ. ಟ್ಯಾಂಕರ್ ಹೊಟ್ಟೆಯಾಗ ಒಂದು ಡ್ರಮ್ಮಿನ ಮ್ಯಾಲೆ ಹೋಸ್ ಸುತ್ತಿರ್ತೈತಿ. ಅದನ್ನ ಹಿಂದಕ್ಕೆ ಬಿಡ್ತಾರ. ತುದಿಗೆ ಒಂದು ಬುಟ್ಟಿ, ಬ್ಯಾಡ್ಮಿಂಟನ್ ಕಾಕ್ ಇದ್ದಂಗ. ಗಾಳಿಗೆ ಅದು ನೆಟ್ಟಗೆ ನಿಲ್ತೈತಿ ಅಂತ ಪುಸ್ತಕದಾಗ ಬರೆದಿರ್ತಾರ. ನಿಜದಾಗ ಮದುವೆ ಮನೆ ಹುಡುಗ್ರಂಗ ಒಂದು ಕಡೆ ನಿಲ್ಲಂಗಿಲ್ಲ. ಹಿಂದಿನ ವಿಮಾನದ ಮೂತಿ ಮ್ಯಾಲೆ ಒಂದು ಕೊಳವೆ, ಅದಕ್ಕ ಪ್ರೋಬ್ ಅಂತೀವಿ. ಪೈಲಟ್ ಆ ಪ್ರೋಬನ್ನ ಬುಟ್ಟಿಯೊಳಗೆ ತೂರಿಸಬೇಕು. ನಡೆಯೋ ವೇಗದಲ್ಲಿ ಮೆಲ್ಲಗೆ ಬಂದು ತಾಗಿಸಬೇಕು. ಜೋರಾಗಿ ಬಂದ್ರ ಹೋಸಿನ ಮ್ಯಾಲೆ ಅಲೆ ಎದ್ದು ಪ್ರೋಬಿನ ತುದಿ ಮುರೀತೈತಿ. ಬೇಕಂತಲೇ ತುದಿಯನ್ನ ಅಶಕ್ತ ಮಾಡಿರ್ತಾರ, ಮುರಿದ್ರ ತುದಿ ಮುರೀಲಿ, ವಿಮಾನ ಉಳೀಲಿ ಅಂತ. ನಿಮ್ಮ ಬೌಸರಿಗೂ ಅಂಥ ಕಪ್ಲಿಂಗ್ ಹಾಕಿದ್ರ ನಿಮ್ಮ ಪಗಾರ ಉಳೀತಿತ್ತು.

ವಲ್ಕನ್‌ಗಳಿಗೆ ಈ ಪ್ರೋಬ್ ಪದ್ಧತಿ ಬಿಟ್ಟು ವರ್ಷಗಟ್ಲೆ ಆಗಿತ್ತು. 1952ರಲ್ಲಿ ಮೊದಲು ಹಾರಿದ ಮುದಿ ವಿಮಾನ, ಅದೇ 1982ರಲ್ಲೇ ಪಿಂಚಣಿ ಕೊಡೋದಿತ್ತು. ಮ್ಯೂಸಿಯಂದಾಗ ನಿಂತಿದ್ದ ವಿಮಾನಗಳಿಂದ ಪ್ರೋಬ್ ಬಿಚ್ಚಿಸಿ ತರಿಸಿದ್ರು! ಫಿಟ್ಟರ್ ಆಗಿದ್ದೋನಿಗೆ ಇದನ್ನ ಓದಿದಾಗ ಮೈ ಜುಂ ಅಂತು. ಕೆಟ್ಟು ನಿಂತ ಟ್ರ್ಯಾಕ್ಟರಿಂದ ಸಾಮಾನು ಬಿಚ್ಚಿ ಓಡೋ ಟ್ರ್ಯಾಕ್ಟರಿಗೆ ಹಾಕೋದು ನಮ್ಮ ಗಂಗಾವತಿ ಗ್ಯಾರೇಜಿನಾಗ ದಿನಾ ನಡೀತೈತಿ, ಆದ್ರ ಯುದ್ಧಕ್ಕ ಹೋಗೋ ಬಾಂಬರಿಗೆ! ಪೈಲಟ್‌ಗಳಿಗೂ ರೂಢಿ ಇರಲಿಲ್ಲ. ಕೆಲವೇ ದಿನದಾಗ ಕಲಿತ್ರು. ಪ್ರತಿ ವಲ್ಕನ್‌ನಾಗೂ ಎಣ್ಣೆ ತುಂಬಿಸೋದರಾಗ ಪಳಗಿದ ಇನ್ನೊಬ್ಬ ಪೈಲಟ್‌ನ ಆರನೆಯವನಾಗಿ ಕೂರಿಸಿ ಕಳಿಸಿದ್ರು.

1982ರ ಏಪ್ರಿಲ್ 30ರ ರಾತ್ರಿ ಹೊರಟ್ರು. ಎರಡು ವಲ್ಕನ್, ಹನ್ನೊಂದು ವಿಕ್ಟರ್. ಬಾಂಬ್ ಹಾಕಬೇಕಾಗಿದ್ದು ಮೊದಲನೇ ವಲ್ಕನ್, ಎರಡನೆಯದು ಸುಮ್ಮನೆ ಬದಲಿಗೆ ಅಂತ. ಹಾರಿದ ಸ್ವಲ್ಪ ಹೊತ್ತಿಗೆ ಮೊದಲನೆಯದರ ಕಿಟಕಿಯ ರಬ್ಬರ್ ಸೀಲ್ ಕೂರಲಿಲ್ಲ. ಒಳಗೆ ಗಾಳಿಯ ಒತ್ತಡ ನಿಲ್ಲವಲ್ದು. ವಾಪಸ್. ಅಷ್ಟು ದೊಡ್ಡ ಕಾರ್ಯಾಚರಣೆ, ರಬ್ಬರ್ ಪಟ್ಟಿಗೆ ಬಂದು ನಿಂತಿತು. ಸೀಲ್ ಬದಲಿಸೋ ಕೆಲಸ ಅಂದ್ರ ನಮ್ಮಲ್ಲಿ ಹೊಸ ಹುಡುಗರಿಗೆ ಕೊಡ್ತಿದ್ವಿ, ಹಗುರ ಕೆಲಸ ಅಂತ. ಈ ಕತೆ ಓದಿದ ಮ್ಯಾಲೆ ಹಂಗ ಮಾಡಬಾರದಿತ್ತು ಅನ್ನಿಸೈತಿ. ಒಂದು ವಿಕ್ಟರ್‌ದು ಹೋಸ್ ಡ್ರಮ್ ಕೆಟ್ಟಿತು, ಅದರ ಜಾಗಕ್ಕ ಬದಲಿ ವಿಕ್ಟರ್ ಬಂತು. ಬದಲಿಗಿದ್ದ ವಲ್ಕನ್, ಅದರ ನಂಬರ್ ಎಕ್ಸ್‌ಎಂ607, ಪೈಲಟ್ ಮಾರ್ಟಿನ್ ವಿದರ್ಸ್, ಈಗ ಅವನೇ ಮುಂದೆ ಹೋಗಬೇಕಾತು.

ಕೊನೆಗೆ ಉಳಿದಿದ್ದು ವಲ್ಕನ್ ಒಂದು, ವಿಕ್ಟರ್ ಎರಡು. ಕತ್ತಲು, ಕೆಳಗೆ ಸಮುದ್ರ, ಸುತ್ತಲೂ ಸಿಡಿಲು ಮೋಡ. ಒಂದು ವಿಕ್ಟರ್ ಇನ್ನೊಂದಕ್ಕ ಎಣ್ಣೆ ತುಂಬಿಸಿ ವಾಪಸ್ ಹೋಗಬೇಕು, ತುಂಬಿಸಿಕೊಂಡಿದ್ದು ವಲ್ಕನ್ ಜೋಡಿ ಕೊನೆತನಕ ಹೋಗಬೇಕು, ಅದು ಪ್ಲಾನು. ಬುಟ್ಟಿ ಆ ಗಾಳಿಗೆ ಕುಣೀತಿತ್ತು. ತಾಗಿಸಿದ, ಎಣ್ಣೆ ಹರೀತು, ಎಳೆದಾಟಕ್ಕ ಪ್ರೋಬ್ ಮುರೀತು. ಪ್ರೋಬ್ ಮುರಿದ ವಿಮಾನ ಎಣ್ಣೆ ಕೊಡಬಹುದು, ತಗೊಳ್ಳಾಕ ಆಗಂಗಿಲ್ಲ. ಹಂಗಾಗಿ ಇಬ್ಬರೂ ಪಾತ್ರ ಅದಲು ಬದಲು ಮಾಡಿಕೊಂಡ್ರು. ಕೊಟ್ಟೋನೇ ಕೊಟ್ಟಿದ್ದನ್ನ ವಾಪಸ್ ಇಸ್ಕೊಂಡ, ಅವ ಬಾಬ್ ಟಕ್ಸ್‌ಫರ್ಡ್ ಅನ್ನೋ ಪೈಲಟ್, ವಲ್ಕನ್ ಜೋಡಿ ಹೊರಟ.

ಈಗ ಇನ್ನೊಂದು ಅನುಮಾನ. ಮುರಿದ ತುಂಡು ಇವನ ಬುಟ್ಟಿಯೊಳಗೇ ಸಿಕ್ಕಿಹಾಕ್ಕೊಂಡಿದ್ರ? ವಲ್ಕನ್ ಮುಂದಿನ ಸಲ ತಾಗಿಸಾಕ ಬಂದಾಗ ಅದರದ್ದೂ ಕೆಡ್ತೈತಿ. ನೋಡೋದು ಹೆಂಗ? ವಲ್ಕನ್ ಬುಟ್ಟಿಯ ಹತ್ರ ಹತ್ರ ಹೋಗಿ, ಒಳಗಿಂದ ಟಾರ್ಚ್ ಬಿಟ್ಟು ನೋಡಿದ್ರು. ಟಾರ್ಚ್! ನೀವು ರಾತ್ರಿ ಪಾಳಿಯಾಗ ನಾಝಲ್ ಬಾಯಿಗೆ ಟಾರ್ಚ್ ಬಿಡ್ತಿದ್ರಲ್ಲ, ಅದೇ.

ಬುಟ್ಟಿ ಸರಿ ಇತ್ತು. ಟಕ್ಸ್‌ಫರ್ಡ್ ತನ್ನ ಹತ್ರ ಇದ್ದಿದ್ದರಲ್ಲಿ ಕೊಟ್ಟ. ವಲ್ಕನ್‌ಗೆ ಬರಬೇಕಾದಷ್ಟು ಬರಲಿಲ್ಲ, ಆದ್ರೂ ಮುಂದೆ ಹೋದ. ಟಕ್ಸ್‌ಫರ್ಡ್ ಹತ್ರ ಉಳಿದಿದ್ದು ಅಸೆನ್ಷನ್ ಸೇರಾಕ ಸಾಲದಷ್ಟು. ಕೊಡುವಾಗಲೇ ಅವನಿಗೆ ಇದು ಗೊತ್ತಿತ್ತು. ರೇಡಿಯೊದಾಗ ಬಾಯಿ ಬಿಟ್ರ ಶತ್ರುವಿಗೆ ಸುಳಿವು ಸಿಗ್ತೈತಿ, ಅದಕ್ಕ ಸುಮ್ಮನೆ ಉತ್ತರಕ್ಕ ಹಾರಿದ. ಮೇ 1ರ ನಸುಕಿನಾಗ ಬಾಂಬ್ ಬಿದ್ದ ಮ್ಯಾಲೆ ವಲ್ಕನ್‌ದಿಂದ ‘ಸೂಪರ್‌ಫ್ಯೂಸ್’ ಅನ್ನೋ ಗುಟ್ಟಿನ ಮಾತು ಬಂತು. ಕೆಲಸ ಆತು ಅಂತ ಅರ್ಥ. ಆವಾಗ ಇವ ಬಾಯಿ ಬಿಟ್ಟು, ನನಗೊಂದು ಟ್ಯಾಂಕರ್ ಕಳಿಸ್ರಿ ಅಂದ. ಟ್ಯಾಂಕರಿಗೇ ಟ್ಯಾಂಕರ್ ಎದುರು ಹೋಗಿ ಎಣ್ಣೆ ಹಾಕಿ ಕರ್ಕೊಂಡು ಬಂತು. ನನ್ನ ಚೊಂಬಿನ ಲೆಕ್ಕದ ನಾಲ್ಕನೇ ಆಳು ನೆನಪು ಮಾಡ್ಕೊಳ್ರಿ.

ವಲ್ಕನ್‌ಗೂ ಬ್ರೆಜಿಲ್ ಕರಾವಳಿಯ ಆಚೆ ಒಂದು ವಿಕ್ಟರ್ ಎದುರು ಬಂತು. ತಾಗಿಸಿದಾಗ ಎಣ್ಣೆ ಸೋರಿ ಮುಂದಿನ ಗಾಜಿನ ಮ್ಯಾಲೆಲ್ಲ ಹರೀತು, ಕಣ್ಣು ಕಾಣದಂಗ. ಹಂಗೇ ಹಿಡ್ಕೊಂಡು ತುಂಬಿಸಿಕೊಂಡ. ಹೊರಟಾಗಿಂದ ಇಳಿಯೋ ತನಕ ಹದಿನಾರು ತಾಸು ಆಗಿತ್ತು.

---

ಕೌಲ್‌ಬಜಾರ್_ಹುಡುಗ

ದ್ವೀಪದ ಬಾಂಬರ್ ಅಂದ್ರೆ ನನಗೆ ನೆನಪಾಗೋದು ಟಿನಿಯನ್. ಎರಡನೇ ಮಹಾಯುದ್ಧ, ಪೆಸಿಫಿಕ್ ಸಮುದ್ರ. 1944ರಲ್ಲಿ ಅಮೆರಿಕದೋರು ಜಪಾನಿನಿಂದ ಕಿತ್ಕೊಂಡು, ಹವಳದ ಕಲ್ಲು ಒಡೆದು ಹಾಸಿ, ರೋಲರ್ ಹೊಡೆದು, ಒಂದರ ಪಕ್ಕ ಒಂದು ನಾಲ್ಕು ರನ್‌ವೇ ಕಟ್ಟಿದ್ರು. ಒಂದೊಂದೂ ಎರಡೂವರೆ ಕಿ.ಮೀ. ಉದ್ದ. 1945ರ ಆಗಸ್ಟ್ 6ರಂದು ಹಿರೋಶಿಮಾಕ್ಕೆ ಹೋದ ಬಿ-29 ಹಾರಿದ್ದು ಅಲ್ಲಿಂದಲೇ. ಅವು ಸುಮಾರು 2,400 ಕಿ.ಮೀ. ಹೋಗಿ ವಾಪಸ್ ಬರ್ತಿದ್ವು, ಗಾಳಿಯಲ್ಲಿ ಎಣ್ಣೆ ತುಂಬಿಸೋ ತಾಪತ್ರಯ ಇರಲಿಲ್ಲ. ಕೆಟ್ರೆ ಇಳಿಯೋಕೆ ಅರ್ಧ ದಾರಿಯಲ್ಲಿ ಇವೊ ಜಿಮಾ ದ್ವೀಪ ಹಿಡಿದಿಟ್ಕೊಂಡ್ರು. ಎರಡು ಸಾವಿರಕ್ಕೂ ಹೆಚ್ಚು ಸಲ ಬಿ-29ಗಳು ಅಲ್ಲಿ ಇಳಿದವಂತೆ.

ಫಿಟ್ಟರ್ ಸಾರ್ ಲೆಕ್ಕದಲ್ಲಿ ಹೇಳೋದಾದ್ರೆ ಅವರಿಗೆ ನಡು ದಾರಿಯಲ್ಲಿ ಒಂದು ಬಾವಿ ಸಿಕ್ಕಿತ್ತು. ಆ ಬಾವಿಗಾಗಿ ಸತ್ತ ಅಮೆರಿಕನ್ನರು ಆರು ಸಾವಿರಕ್ಕೂ ಹೆಚ್ಚು, ಜಪಾನಿನವರು ಅದರ ಮೂರು ಪಟ್ಟು. ಹನ್ನೊಂದು ಟ್ಯಾಂಕರ್ ಅಗ್ಗ ಅನ್ಸುತ್ತೆ.

---

ಕೋಟೆ_ರಾಯಚೂರು

ಕತೆ ಚೆನ್ನಾಗಿದೆ ಸಾರ್, ಒಪ್ಕೊಂಡೆ. ಆದ್ರೆ ನನ್ನ ಪ್ರಶ್ನೆ ಹಾಗೇ ಉಳೀತು. 21ರಲ್ಲಿ ಒಂದು. ಇಷ್ಟೆಲ್ಲ ಮಾಡಿ ಒಂದು ಗುಂಡಿ. ಅದನ್ನೂ ಮುಚ್ಚಿ ಹರ್ಕ್ಯುಲಿಸ್ ಇಳಿಸಿದ್ರು. ಇನ್ನೂ ತಮಾಷೆ ಅಂದ್ರೆ, ಅರ್ಜೆಂಟೀನಾದೋರು ಹಗಲು ಹೊತ್ತು ರನ್‌ವೇ ಮೇಲೆ ಮಣ್ಣಿನ ಗುಡ್ಡೆ ಹಾಕಿ, ಮೇಲಿಂದ ನೋಡಿದ್ರೆ ಗುಂಡಿ ಬಿದ್ದಂಗೆ ಕಾಣೋ ಹಾಗೆ ಮಾಡಿ, ರಾತ್ರಿ ಗುಡಿಸಿ ವಿಮಾನ ಇಳಿಸ್ತಿದ್ರು.

---

ಗಂಗಾವತಿ_ಫಿಟ್ಟರ್

ಮಣ್ಣಿನ ಗುಡ್ಡೆ ಮಾತು ಖರೇ. ನನಗೂ ಅದನ್ನ ಓದಿ ನಗು ಬಂದಿತ್ತು. ಆದ್ರ 21ರಾಗ ಒಂದು ಅನ್ನೋದನ್ನ ಮಾರ್ಕ್ಸ್ ಥರ ನೋಡಬ್ಯಾಡ್ರಿ. ರನ್‌ವೇ ಉದ್ದಕ್ಕೂ ಹಾರಿ ಸಾಲಾಗಿ ಬಾಂಬ್ ಹಾಕಿದ್ರ ಎಲ್ಲಾ ಬೀಳ್ತಾವ ಅಂತ ಅನ್ನಿಸ್ತೈತಿ. ಆದ್ರ ಅದು 45 ಮೀಟರ್ ಅಗಲದ ಪಟ್ಟಿ. ಕತ್ತಲಾಗ, 10,000 ಅಡಿ ಮ್ಯಾಲಿಂದ, ಒಂದು ಚೂರು ಪಕ್ಕಕ್ಕ ಸರಿದ್ರ 21ಕ್ಕೆ 21ನೂ ಹುಲ್ಲಿಗೆ. ಅದಕ್ಕ ಓರೆಯಾಗಿ, ಸುಮಾರು 35 ಡಿಗ್ರಿ ಕೋನದಾಗ ಅಡ್ಡ ಹಾಯ್ದು ಹಾಕಿದ್ರು. ಕಾಲು ಸೆಕೆಂಡಿಗೆ ಒಂದು ಬಾಂಬು. ಆ ವೇಗಕ್ಕ ಒಂದರಿಂದ ಒಂದಕ್ಕ ಸುಮಾರು 50 ಮೀಟರ್ ಅಂತರ. 45 ಮೀಟರ್ ಪಟ್ಟಿಯನ್ನ 35 ಡಿಗ್ರಿಯಾಗ ದಾಟಿದ್ರ ಅದರ ಮೇಲಿನ ದಾರಿ 80 ಮೀಟರ್ ಆಗ್ತೈತಿ. 80 ಮೀಟರಿನಾಗ 50ಕ್ಕೊಂದು ಬೀಳೋದಾದ್ರ ಎಷ್ಟು ಬಿದ್ದಾವು? ಒಂದು, ನಸೀಬ್ ಚಲೋ ಇದ್ರ ಎರಡು. ಪ್ಲಾನಿನಾಗೇ ಇದ್ದಿದ್ದು ಅಷ್ಟು. ಹೊಲಕ್ಕ ಕೂರಿಗೆ ಅಡ್ಡ ಹೊಡೆದ್ರ ಬದುವಿನ ಮ್ಯಾಲೆ ಎಷ್ಟು ಕಾಳು ಬೀಳ್ತಾವೋ ಅಷ್ಟೇ.

ಆ ಒಂದು ಬಿದ್ದಿದ್ದಕ್ಕ ಲಾಭ ಏನಾತು ಅಂದ್ರ, ನಿಮ್ಮ ಅನುಮಾನಕ್ಕೂ ಅರ್ಥ ಐತಿ. ಹರ್ಕ್ಯುಲಿಸ್ ಎತ್ತಿನ ಬಂಡಿ ಇದ್ದಂಗ, ಎಲ್ಲಿ ಬೇಕಾದ್ರೂ ಇಳೀತೈತಿ. ಜೆಟ್ ಫೈಟರ್‌ಗಳನ್ನ ಅಲ್ಲಿ ತಂದು ಇಡೋದು ಅರ್ಜೆಂಟೀನಾಕ್ಕ ಆಗಲಿಲ್ಲ, ಆದ್ರ ಆ 1,250 ಮೀಟರ್ ಪಟ್ಟಿ ಮೊದಲೇ ಗಿಡ್ಡ ಇತ್ತು. ನನ್ನ ಕೇಳಿದ್ರ ಗುಂಡಿಗಿಂತ ಸುದ್ದಿ ದೊಡ್ಡದು. ಇಷ್ಟು ದೂರ ಬಂದು ಹೊಡೀತೀವಿ ಅಂತ ತೋರಿಸಿದ್ರು. ಅದಕ್ಕ ಅಷ್ಟು ಎಣ್ಣೆ ಸುಡಬೇಕಿತ್ತೋ ಬ್ಯಾಡೋ, ನಾನು ಫಿಟ್ಟರ್, ಮಿನಿಸ್ಟರ್ ಅಲ್ಲ.

ಆದ್ರ ನೆಲದ ಮೇಲಿನ ಒಂದು ವಿಷಯ ಹೇಳಿಬಿಡ್ತೀನಿ, ಯಾಕಂದ್ರ ನನಗೆ ಇದೇ ಮುಖ್ಯ. ವೈಡ್‌ಅವೇಕ್‌ದಾಗ ರನ್‌ವೇ ಇದ್ದಿದ್ದು ಒಂದೇ, ಮೂರು ಕಿ.ಮೀ. ಉದ್ದ. ಪಕ್ಕದಾಗ ಸರಿದು ಹೋಗೋ ದಾರಿ ಇಲ್ಲ. ಇಳಿದ ವಿಮಾನ ತುದಿಗೆ ಹೋಗಿ, ತಿರುಗಿ, ಅದೇ ರನ್‌ವೇ ಮ್ಯಾಲೆ ವಾಪಸ್ ಬರಬೇಕು, ಅಲ್ಲಿ ತನಕ ಹಿಂದಿನವ ಇಳಿಯಂಗಿಲ್ಲ. ಆ ರಾತ್ರಿ ಮೊದಲ ಪಾಳಿಯ ನಾಲ್ಕು ವಿಕ್ಟರ್ ಬಂದಾಗ ಯಾವುದರಾಗೂ ಕಾಯೋವಷ್ಟು ಎಣ್ಣೆ ಇರಲಿಲ್ಲ. ಒಂದು ಇಳಿದು ತುದಿಗೆ ಹೋಗಿ ನಿಂತಿತು. ಎರಡನೆಯದು ಅದರ ಹಿಂದೆ. ಮೂರನೆಯದು ಅದರ ಹಿಂದೆ. ನಾಲ್ಕನೆಯವ ಇಳಿಯುವಾಗ ಎದುರಿಗೆ ಮೂರು ವಿಮಾನ ಸಾಲಾಗಿ ನಿಂತಾವ. ಬ್ರೇಕ್ ಹಿಡೀಲಿಲ್ಲ ಅಂದ್ರ? ಬ್ರೇಕ್ ನೋಡಿದ ಫಿಟ್ಟರ್ ಆ ಹೊತ್ತಿಗೆ ಎಲ್ಲಿ ನಿಂತಿದ್ನೋ, ಉಸಿರು ಹಿಡ್ಕೊಂಡಿರ್ತಾನ. ಹಿಡೀತು.

ಆ ಹೆಸರಿಗೂ ಒಂದು ಕತೆ ಐತಿ. ವೈಡ್‌ಅವೇಕ್ ಅನ್ನೋದು ಅಲ್ಲಿಯ ಒಂದು ಕಡಲ ಹಕ್ಕಿ. 1942ರಲ್ಲಿ ಅಮೆರಿಕದೋರು ರನ್‌ವೇ ಕಟ್ಟಿದಾಗ ಅದರ ತುದಿಗೇ ಸಾವಿರಾರು ಹಕ್ಕಿ ಗೂಡು ಮಾಡಿದ್ವು. ವಿಮಾನ ಎದ್ದಾಗಲೆಲ್ಲ ಅವೂ ಎದ್ದು ಎದುರಿಗೆ ಬರ್ತಿದ್ವು. ಹೊಗೆ ಹಾಕಿದ್ರು, ಬೆಕ್ಕು ಬಿಟ್ರು. ಕೊನೆಗೆ ಜೇಮ್ಸ್ ಚಾಪಿನ್ ಅನ್ನೋ ಪಕ್ಷಿ ಪಂಡಿತನ್ನ ಕರೆಸಿದ್ರು. ಮೊಟ್ಟೆ ತೆಗೀರಿ, ತಾವೇ ಜಾಗ ಬದಲಿಸ್ತಾವ ಅಂದ. ಬದಲಿಸಿದ್ವು.

---

ಸಂಡೂರ್_ಬೌಸರ್

ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ ಮನೇಲಿ ಹುಣಸೆಹಣ್ಣು ಬಿಡಿಸ್ತಿದ್ರು, ಬೀಜ ರಾಶಿ ಬಿದ್ದಿತ್ತು. ನಾನೂ ಎಂಟನೇ ಕ್ಲಾಸಿನ ಮಗಳೂ ಕಡಪ ಕಲ್ಲಿನ ಮ್ಯಾಲೆ ಸೀಮೆಸುಣ್ಣದಾಗೆ ಆರು ಹರದಾರಿ ಗೆರೆ ಎಳೆದು, 36 ಬೀಜ ಇಟ್ಟು ಆಡಿದ್ವಿ. ಒಬ್ಬೊಬ್ಬರನ್ನ ನಡೆಸಿದ್ವಿ, ಕುಡಿದ ಬೀಜ ತಟ್ಟೆಗೆ ಹಾಕಿದ್ವಿ. ಮೊದಲ ಸಲ ನನ್ನದೇ ತಪ್ಪು, ಎರಡನೇ ಸಹಾಯಕನಿಗೆ ಹೋಗುವಾಗ ತುಂಬಿಸೋದು ಮರೆತು ಅವನನ್ನ ಎರೆ ಹೊಲದಾಗೇ ಸಾಯಿಸಿಬಿಟ್ಟೆ. ಎರಡನೇ ಸಲ ಸರಿ ಆತು. ತಟ್ಟೆಯಾಗೆ 36, ಕೈಯಾಗೆ ಒಂದೂ ಇಲ್ಲ, ಎಲ್ಲ ಆಳು ಊರಲ್ಲಿ.

ಆಮ್ಯಾಕೆ ಮಗಳು ಕೇಳಿದ್ಲು, ಅಪ್ಪ, ಎರಡನೇ ಹರದಾರಿಯಲ್ಲಿ ಒಬ್ಬನ ಚೊಂಬು ಒಡೆದ್ರೆ? ನಾನು ಅಂದೆ, ಮುಂದೆ ಹೋಗೋನು ಸಾಯ್ತಾನೆ. ಅವಳು ಅಡುಗೆ ಮನೆಗೆ ಹೋಗಿ ಇನ್ನೂ ಹನ್ನೆರಡು ಬೀಜ ತಂದಳು. ಹೋಗುವಾಗ ಒಬ್ಬ ಬದಲಿ, ಬರುವಾಗ ಒಬ್ಬ ಬದಲಿ. ಏಳು ಸಹಾಯಕರು ಆದ್ರು. ಈಗ ನಾಲ್ಕನೇ ಹರದಾರಿಗೆ ಹೋಗೋನಿಗೂ ಒಬ್ಬ ಬದಲಿ ಬೇಕು ಅಂತ ಹಠ ಹಿಡಿದಾಳೆ. ಆದ್ರೆ ಆ ಬದಲಿಗೂ ತುಂಬಿಸಾಕೆ ಒಬ್ಬ, ಎದುರುಗೊಳ್ಳಾಕೆ ಒಬ್ಬ ಬೇಕಲ್ರಿ ಫಿಟ್ಟರ್ ಸಾರ್? ಅವಳು ಹತ್ತು ಅಂತಾಳೆ, ನಾನು ಇನ್ನೂ ಎಣಿಸ್ತಾ ಇದೀನಿ.